ಸಣ್ಣ ಲಾಟು

ಸೋಮವಾರ ಬೆಳಗ್ಗೆ ಸೊಸೆ ತನ್ನ ಕೈಯಾರೆ ಆ ಸುತ್ತೋಲೆಯನ್ನು ಡಿಪೊ ಗೋಡೆಗೆ ಅಂಟಿಸಿದ್ದಳು. ಸಂಜೆ ಅವಳು ಮನೆ ಸೇರುವಷ್ಟರಲ್ಲಿ ಸುದ್ದಿ ಅವಳಿಗಿಂತ ಮೊದಲೇ ಬಂದು ನಡುಮನೆಯಲ್ಲಿ ಕೂತಿತ್ತು. ಮಾವ ಚಹಾ ಲೋಟವನ್ನು ಮುಟ್ಟದೆ ಹಾಗೇ ಆರಲು ಬಿಟ್ಟಿದ್ದರು. ಅತ್ತೆ ಕಣ್ಣಲ್ಲೇ ಸನ್ನೆ ಮಾಡಿ, ಸದ್ಯಕ್ಕೆ ಏನೂ ಮಾತಾಡಬೇಡ ಎಂದರು.

ಅವಳಿಗೆ ಸರ್ಕಾರದ ನಾಟಾ ಡಿಪೊದಲ್ಲಿ ದಿಮ್ಮಿ ಅಳೆಯುವ ಕೆಲಸ. ಕಾಡಿನಿಂದ ಬಂದ ಪ್ರತಿ ದಿಮ್ಮಿಯ ಉದ್ದ, ಸುತ್ತಳತೆ ತೆಗೆದು, ದರ್ಜೆ ಬರೆದು, ಕೊನೆಗೆ ತುದಿಯ ಮೇಲೆ ತನ್ನ ನಂಬರಿನ ಸುತ್ತಿಗೆಯಿಂದ ಗುರುತು ಹೊಡೆಯಬೇಕು. ಲಾರಿಯವರು ಅವಳನ್ನು ಅಳತೆ ಮೇಡಂ ಎಂದೇ ಕರೆಯುತ್ತಿದ್ದರು. ಮಾವನದು ಕಾವು ಕಡೆಯುವ ಕಸುಬು. ಕೊಡಲಿ, ಗುದ್ದಲಿ, ಪಿಕಾಸಿ, ಸುತ್ತಿಗೆ, ಹಿಡಿ ಬೇಕಾದ ಯಾವ ಹತಾರವಿದ್ದರೂ ಅದಕ್ಕೆ ಕಾವು ಅವರ ಲೇತಿನಿಂದಲೇ ಇಳಿಯಬೇಕು ಎಂಬಷ್ಟು ಹೆಸರು. ಮನೆ ಮುಂದೆ, ಕಾರ್ಖಾನೆ ಹಿಂದೆ, ನಡುವೆ ಒಂದು ಬಾಗಿಲು. ಆ ಬಾಗಿಲಿನಿಂದ ದಿನಾ ಒಂದಿಷ್ಟು ಮರದ ಹೊಟ್ಟು ಅಡುಗೆಮನೆಗೂ ಬರುತ್ತಿತ್ತು. ಅನ್ನಕ್ಕೆ ಮುಚ್ಚಳ ಹಾಕದೆ ಬಿಟ್ಟರೆ ಮೇಲೊಂದು ಪದರ ಕೂತಿರುತ್ತಿತ್ತು. ಅವಳ ಗಂಡ ಅಪ್ಪನ ಜೊತೆ ಲೇತಿಗೆ ನಿಂತರೆ, ಅತ್ತೆ ಕಾವುಗಳನ್ನು ಉಜ್ಜಿ ಎಣ್ಣೆ ಕುಡಿಸುತ್ತಿದ್ದರು.

ಇಷ್ಟು ವರ್ಷ ಆ ಬೀದಿಯ ಪ್ರತಿ ಸಣ್ಣ ಕಾರ್ಖಾನೆಗೂ ಮೂರು ತಿಂಗಳಿಗೊಮ್ಮೆ ಡಿಪೊದಿಂದ ಇಷ್ಟು ದಿಮ್ಮಿ ಎಂದು ಕೋಟಾ ಇತ್ತು. ಪುಸ್ತಕ ತೋರಿಸಿದರೆ ಮರ ಸಿಗುತ್ತಿತ್ತು. ಸುತ್ತೋಲೆ ಅದನ್ನು ಎರಡೇ ಸಾಲಿನಲ್ಲಿ ಮುಗಿಸಿತ್ತು. ಇನ್ನು ಮುಂದೆ ಕೋಟಾ ಇಲ್ಲ. ಊರಾಚೆ ಹೊಸದಾಗಿ ಶುರುವಾದ ಹಲಗೆ ಕಾರ್ಖಾನೆಯ ಜೊತೆ ಸರ್ಕಾರ ಹತ್ತು ವರ್ಷದ ಒಪ್ಪಂದ ಮಾಡಿಕೊಂಡಿದ್ದರಿಂದ ಒಳ್ಳೆಯ ದಿಮ್ಮಿಯೆಲ್ಲ ನೇರ ಅಲ್ಲಿಗೆ ಹೋಗುತ್ತದೆ. ಉಳಿದದ್ದು ಹರಾಜಿಗೆ, ಅದೂ ಹತ್ತು ಲಾರಿಗೆ ಕಡಿಮೆಯಿಲ್ಲದ ಲಾಟುಗಳಲ್ಲಿ. ಹತ್ತು ಲಾರಿ ಮರ ತಂದು ಹಾಕಿಕೊಳ್ಳುವುದಿರಲಿ, ನಿಲ್ಲಿಸಿಕೊಳ್ಳುವ ಜಾಗವೂ ಆ ಬೀದಿಯಲ್ಲಿ ಯಾರಿಗೂ ಇರಲಿಲ್ಲ.

ಊಟಕ್ಕೆ ಕೂತಾಗ ಮಾವ ಮೊದಲ ತುತ್ತು ಕಲಸುತ್ತಾ ಕೇಳಿದರು. “ನಿನಗೆ ಮೊದಲೇ ಗೊತ್ತಿತ್ತಾ?”

“ಶನಿವಾರ ಗೊತ್ತಾಯ್ತು ಮಾವ. ಅಂಟಿಸೋ ತನಕ ಹೇಳೋ ಹಾಗಿರಲಿಲ್ಲ.”

“ಮನೆಯವರಿಗೂ?”

ಗಂಡ ಆಲೂಗೆಡ್ಡೆಯ ಪಾತ್ರೆಯನ್ನು ಅಪ್ಪನ ಕಡೆ ಸರಿಸಿ ಮಾತು ತಪ್ಪಿಸಲು ನೋಡಿದ. ಹಿತ್ತಲಲ್ಲಿ ಒಣಗಿದ ಮರ ಎಷ್ಟಿದೆ ಎಂದು ಅತ್ತೆ ಕೇಳಿದರು. ಎರಡು ತಿಂಗಳಿಗೆ ಸಾಕು, ಎಳೆದರೆ ಇನ್ನೊಂದು ವಾರ ಎಂದ ಗಂಡ.

ಆ ವಾರವೆಲ್ಲ ಬೀದಿಯವರು ಒಬ್ಬೊಬ್ಬರಾಗಿ ಮನೆಗೆ ಬಂದರು. ಮಂಚದ ಕಾಲು ಕಡೆಯುವವರು ಬಂದರು, ಬ್ರಷ್ಷಿನ ಹಿಡಿ ಮಾಡುವ ಅಕ್ಕ ಬಂದಳು. ಎಲ್ಲರೂ ಮಾವನ ಹತ್ತಿರ ದುಃಖ ಹೇಳಿಕೊಂಡು, ಹೋಗುವಾಗ ಸೊಸೆಯ ಕಡೆ ಒಂದು ನೋಟ ಹಾಕಿ ಹೋಗುತ್ತಿದ್ದರು. ಸರ್ಕಾರವೇ ಈ ಮನೆಯ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಾ ನಿಂತಿದೆಯೇನೋ ಎಂಬಂತಿತ್ತು ಆ ನೋಟ. ಅತ್ತೆಗೆ ಅದು ಹಿಡಿಸಲಿಲ್ಲ. ಬ್ರಷ್ಷಿನ ಅಕ್ಕನಿಗೆ, ಕಾನೂನು ಬರೆದವಳು ಇವಳಲ್ಲ, ಗೋಂದು ಹಚ್ಚಿದವಳು ಅಷ್ಟೇ ಎಂದು ಮುಖಕ್ಕೆ ಹೊಡೆದಂತೆ ಹೇಳಿ ಕಳಿಸಿದರು.

ಎರಡನೆಯ ವಾರದ ಭಾನುವಾರ ಮಾವ ಸೊಸೆಯನ್ನು ಕಾರ್ಖಾನೆಗೆ ಕರೆದರು. ಲೇತು ನಿಂತಿತ್ತು. ಅವರು ಒಂದು ಕಾವನ್ನು ಕೈಯಲ್ಲಿ ತಿರುಗಿಸುತ್ತಾ, ಡಿಪೊದಲ್ಲಿ ಸೌದೆ ದರ್ಜೆಯ ಮರ ಈಗಲೂ ಸಣ್ಣ ಪ್ರಮಾಣದಲ್ಲಿ ಸಿಗುತ್ತದಲ್ಲವೇ ಎಂದು ಸುತ್ತುಬಳಸಿ ಕೇಳಿದರು. ಪೊಳ್ಳು, ಹುಳ ತಿಂದದ್ದು, ಸೊಟ್ಟದ್ದು ಸಿಗುತ್ತದೆ ಎಂದಳು ಅವಳು. ಆಮೇಲೆ ವಿಷಯಕ್ಕೆ ಬಂದರು.

“ಒಂದು ಹತ್ತು ದಿಮ್ಮಿ. ಒಳ್ಳೇದನ್ನೇ ಸೌದೆ ಅಂತ ಬರೆದುಬಿಡು. ಅಷ್ಟು ದೊಡ್ಡದಾಗಿ ಪೇರಿಸಿದ ಅಟ್ಟಿಯಲ್ಲಿ ಯಾರು ನೋಡ್ತಾರೆ?”

“ನಾನು ನೋಡ್ತೀನಲ್ಲ ಮಾವ.”

ಮಾವನ ಮುಖ ಕೆಂಪಾಯಿತು. ಮದುವೆಯಾದ ವರ್ಷ ಅವಳನ್ನು ಅಳತೆಯ ತರಬೇತಿಗೆ ಕಳಿಸಿದವರೇ ಅವರು. ಸೊಸೆ ಮನೆಯಲ್ಲಿ ಕೂತು ಏನು ಮಾಡುತ್ತಾಳೆ, ಕಲಿಯಲಿ ಎಂದು ಹಟ ಹಿಡಿದು ಶುಲ್ಕ ಕಟ್ಟಿದ್ದರು. ಅದನ್ನೇ ಈಗ ಎತ್ತಿ ಆಡಿದರು. “ಈ ಕಾವು ಮಾರಿದ ದುಡ್ಡಲ್ಲೇ ನಿನ್ನ ಓದಿಸಿದ್ದು. ನೆನಪಿರಲಿ.”

“ನೆನಪಿದೆ ಮಾವ. ಸರಿಯಾಗಿ ಅಳೆಯೋದು ಕಲೀಲಿ ಅಂತಲೇ ಓದಿಸಿದ್ರಿ.”

ಅವಳು ಅವರಿಗೆ ಎದುರು ಮಾತಾಡಿದ್ದು ಅದೇ ಮೊದಲು. ಮಾವ ಕಾವನ್ನು ಬೆಂಚಿನ ಮೇಲಿಟ್ಟು ಹೊರಗೆ ಹೋದರು. ಅಂದಿನಿಂದ ಅವಳ ಜೊತೆ ಮಾತು ಬಿಟ್ಟರು.

ಒಂದೇ ಸೂರಿನ ಕೆಳಗೆ ಮಾತು ಬಿಡುವುದು ಸುಲಭದ ಕೆಲಸವಲ್ಲ. ಮಾವ ಅವಳು ಕೆಲಸದಿಂದ ಬರುವ ಮೊದಲೇ ಉಂಡು ಏಳತೊಡಗಿದರು. ಬೆಳಗ್ಗೆ ಬಚ್ಚಲು ಖಾಲಿಯಾಗಿದೆಯೇ ಎಂದು ಕೇಳಬೇಕಾದರೂ ಹೆಂಡತಿಯ ಮೂಲಕ ಕೇಳುತ್ತಿದ್ದರು. ಅವಳು ಎದುರಿಗೇ ನಿಂತಿದ್ದರೂ, “ಛತ್ರಿ ಬಾಗಿಲ ಹಿಂದೆ ಇದೆ ಅಂತ ಹೇಳು” ಎನ್ನುತ್ತಿದ್ದರು. ನಾಲ್ಕು ದಿನ ಸಹಿಸಿಕೊಂಡ ಅತ್ತೆ ಐದನೆಯ ದಿನ ಸೌಟು ಕೆಳಗಿಟ್ಟರು. ತಾನೇನು ಅಂಚೆ ಕಚೇರಿಯಲ್ಲ, ಇನ್ನು ಮೇಲೆ ಹೇಳಬೇಕಾದವರು ಚೀಟಿ ಬರೆದು ಕೊಡಲಿ, ಅದಕ್ಕೊಂದು ಸ್ಟಾಂಪೂ ಹಚ್ಚಲಿ ಎಂದರು. ಗಂಡನಿಗೆ ನಗು ತಡೆಯಲಾಗಲಿಲ್ಲ. ಮಾವ ಅವನನ್ನು ದುರುಗುಟ್ಟಿ ನೋಡಿದರು.

ಗಂಡ ಒಳ್ಳೆಯವನೇ, ಆದರೆ ಎರಡು ಕಡೆಯೂ ಹೌದು ಎನ್ನುವ ಸ್ವಭಾವ. ಬಟ್ಟೆ ಒಣಹಾಕುತ್ತಾ ಅವಳು ನೇರವಾಗಿ ಕೇಳಿದಳು, ನೀವೂ ನಾನು ಬರೆದುಕೊಡಬೇಕಿತ್ತು ಅಂತೀರಾ ಎಂದು. ಅವನು ಒದ್ದೆ ಅಂಗಿಯೊಂದನ್ನು ಬೇಕಾದ್ದಕ್ಕಿಂತ ಹೆಚ್ಚು ಹಿಂಡಿದ.

“ಬರೆದಿದ್ರೆ ಬೇಡ ಅಂತಿರಲಿಲ್ಲ. ಬರೀಲಿಲ್ಲ ಅಂತ ಸಮಾಧಾನವೂ ಆಯ್ತು. ಎರಡೂ ನಿಜ.”

ಅಷ್ಟಾದರೂ ಬಾಯಿ ಬಿಟ್ಟನಲ್ಲ ಎಂದು ಅವಳಿಗೆ ಸ್ವಲ್ಪ ಹಗುರವಾಯಿತು.

ನಾಲ್ಕನೆಯ ವಾರ ಅವರ ಮನೆಯಲ್ಲಿ ಹಿಂದೆಂದೂ ನಡೆಯದ್ದೊಂದು ನಡೆಯಿತು. ಕಾವುಗಳನ್ನು ಬಗ್ಗಿಸಿ ನೇರ ಮಾಡಲು ಕಾರ್ಖಾನೆಯಲ್ಲಿ ಒಂದು ಆವಿಯ ಒಲೆಯಿತ್ತು. ಅದಕ್ಕೆ ಯಾವಾಗಲೂ ಲೇತಿನ ಕೆಳಗೆ ಬಿದ್ದ ಚಕ್ಕೆಯೇ ಸಾಕಾಗುತ್ತಿತ್ತು. ಈಗ ಕೆಲಸ ಅರ್ಧಕ್ಕಿಳಿದು ಚಕ್ಕೆಯೂ ಇಲ್ಲವಾಗಿತ್ತು. ಅತ್ತೆ ಹೋಗಿ ಮೂಲೆಯ ಅಂಗಡಿಯಿಂದ ಸೌದೆ ಹೊರೆಸಿಕೊಂಡು ಬಂದರು. ಮರದ ಕಸುಬಿನವರು ಸೌದೆ ಕೊಂಡರು ಎಂದು ಬೀದಿಯಲ್ಲಿ ಗೊತ್ತಾಗದಿರಲಿ ಎಂದು ಮೇಲೊಂದು ಹಳೆ ಬೆಡ್‌ಶೀಟು ಹೊದಿಸಿದ್ದರು.

ಸೊಸೆ ಅದನ್ನು ಒಲೆಯ ಪಕ್ಕ ಜೋಡಿಸಲು ಕೂತಳು. ಎರಡನೆಯ ಸೌದೆ ಎತ್ತಿಕೊಂಡವಳು ಅದನ್ನು ಹಿಡಿದು ಹಾಗೇ ಕೂತುಬಿಟ್ಟಳು. ತುದಿಯಲ್ಲಿ ಅವಳದೇ ಸುತ್ತಿಗೆಯ ಗುರುತು. ಸರ್ಕಾರದ ನೆಡುತೋಪಿನಲ್ಲಿ ದೊಡ್ಡ ಮರಗಳಿಗೆ ಜಾಗವಾಗಲಿ ಎಂದು ನಡುನಡುವೆ ಕಡಿದು ತೆಗೆಯುವ ಎಳೆ ಮರ ಅದು. ತೊಡೆಯಷ್ಟು ದಪ್ಪ, ಬಾಣದಷ್ಟು ನೇರ. ಹಲಗೆ ಕಾರ್ಖಾನೆಯ ಒಪ್ಪಂದದಲ್ಲಿ ಇಷ್ಟು ತೆಳ್ಳಗಿನದು ಬೇಡ ಎಂದಿತ್ತು. ಹಾಗಾಗಿ ಇಂಥವನ್ನೆಲ್ಲ ಇಪ್ಪತ್ತು ಲಾರಿಯ ಒಂದೇ ಲಾಟು ಮಾಡಿ ಇಟ್ಟಿಗೆ ಗೂಡಿನ ಕಂಟ್ರಾಕ್ಟರಿಗೆ ಸೌದೆಯ ಬೆಲೆಗೆ ಕೊಟ್ಟುಬಿಡುತ್ತಿದ್ದರು, ಗೂಡಿಗೆ ಮಿಕ್ಕಿದ್ದನ್ನು ಅವನು ಸೌದೆ ಅಂಗಡಿಗಳಿಗೆ ಮಾರುತ್ತಿದ್ದ. ಅವಳೇ ಸಾವಿರಗಟ್ಟಲೆ ಅಳೆದಿದ್ದಳು. ಒಂದು ದಿನವೂ ಅದನ್ನು ಕಾವಿನ ಕಣ್ಣಿನಿಂದ ನೋಡಿರಲಿಲ್ಲ.

ಅವಳು ಗಂಡನನ್ನು ಕರೆದು ತೋರಿಸಿದಳು. ಅವನು ಸೀಳಿ, ನಾರಿನ ಮೇಲೆ ಬೆರಳಾಡಿಸಿ, ಸುತ್ತಿಗೆಗೆ ಆಗಬಹುದು ಎಂದ. ಮಾವ ದೂರದಿಂದಲೇ ಮೂಗು ಮುರಿದರು. ಎಳೆ ಮರದ ನಡುವೆ ತಿರುಳಿರುತ್ತದೆ, ಒಣಗುವಾಗ ತಿರುಚಿಕೊಳ್ಳುತ್ತದೆ, ಸೀಳುತ್ತದೆ, ಇದು ಬಚ್ಚಲ ಒಲೆಗೇ ಸರಿ ಎಂದು ಗೋಡೆಗೆ ಹೇಳಿದರು. ಗಂಡ ಅದರ ಮರುದಿನವೇ ಸೌದೆ ಅಂಗಡಿಗೆ ಹೋಗಿ ಇನ್ನೊಂದು ಗಾಡಿ ಆರಿಸಿ ತಂದ. ಬೆಡ್‌ಶೀಟು ಹೊದಿಸಲಿಲ್ಲ.

ಮೊದಲ ಸಲ ಮಾವ ಹೇಳಿದ್ದೇ ಆಯಿತು. ವಾರದೊಳಗೆ, ಬಿಸಿಲಲ್ಲಿ ಒಣಗಿಸಿದ ಇಪ್ಪತ್ತು ತುಂಡಿನಲ್ಲಿ ಹದಿನೇಳು ಬಾಯಿ ಬಿಟ್ಟವು. ಮಾವ ಒಡೆದ ತುಂಡುಗಳನ್ನು ಒಲೆಯ ಮುಂದೆ ಅಚ್ಚುಕಟ್ಟಾಗಿ ಜೋಡಿಸಿಟ್ಟರು, ಅಷ್ಟೇ. ಅದು ಬೈಗುಳಕ್ಕಿಂತ ಹೆಚ್ಚು ನಾಟಿತು.

ಎರಡನೆಯ ಸಲಕ್ಕೆ ಅತ್ತೆ ಕೈ ಹಾಕಿದರು. ಮೂವತ್ತು ವರ್ಷ ಆ ಮನೆಯ ಮರ ಒಣಗಿಸಿದವರು ಅವರು, ಯಾರೂ ಅವರನ್ನು ಕೇಳಿರಲಿಲ್ಲ. ಕಂಬವನ್ನು ನಾಲ್ಕು ಪಾಲಾಗಿ ಸೀಳು, ನಡುವಿನ ತಿರುಳನ್ನು ಕೆತ್ತಿ ಬಿಸಾಕು ಎಂದು ಮಗನಿಗೆ ಹೇಳಿದರು. ಸೊಸೆಯನ್ನು ಕೂರಿಸಿಕೊಂಡು ತುಂಡುಗಳ ಎರಡೂ ತುದಿಗೆ ಕರಗಿಸಿದ ಮೇಣ ಬಳಿದರು. ಆಮೇಲೆ ನೆರಳಲ್ಲಿ, ಒಣ ಹೊಟ್ಟು ತುಂಬಿದ ಡ್ರಮ್ಮಿನಲ್ಲಿ ಹೂತಿಟ್ಟರು. ಅವಸರ ಮಾಡಿ ತೆಗೆದರೆ ಕೈ ಮುರೀತೀನಿ ಎಂದು ಮಗನಿಗೂ, ಹೆಸರು ಹೇಳದೆ ಮಾವನಿಗೂ ಎಚ್ಚರಿಕೆ ಕೊಟ್ಟರು.

ಆ ಡ್ರಮ್ಮು ಮುಚ್ಚಿದ ದಿನವೇ ಸೊಸೆಗೆ ಇನ್ನೊಂದು ಯೋಚನೆ ಹತ್ತಿತು. ಕಾವು ಗಟ್ಟಿ ಬಂದರೂ ಮರ ಎಲ್ಲಿಂದ? ಸೌದೆ ಅಂಗಡಿಯಲ್ಲಿ ಆರಿಸಿ ತಂದು ಕಾರ್ಖಾನೆ ನಡೆಸಲಾಗುವುದಿಲ್ಲ. ಊಟದ ಬಿಡುವಿನಲ್ಲಿ ಡಿಪೊದ ಹಳೆ ನಿಯಮಗಳ ಪುಸ್ತಕ ಹುಡುಕಿ ತೆಗೆದಳು. ಹೊಸ ಸುತ್ತೋಲೆ ಮಾತಾಡಿದ್ದು ದಪ್ಪ ದಿಮ್ಮಿಯ ಬಗ್ಗೆ ಮಾತ್ರ. ಹಳೆ ನಿಯಮದಂತೆ, ತೆಳ್ಳನೆಯ ಎಳೆ ಕಂಬದ ಲಾಟನ್ನು ಎಷ್ಟು ಸಣ್ಣದಾದರೂ ಮಾಡಲು ಡಿಪೊ ಅಧಿಕಾರಿಗೇ ಹಕ್ಕಿತ್ತು, ಕೊಳ್ಳುವವರು ಬರೆದು ಕೇಳಿದರೆ. ಇಷ್ಟು ವರ್ಷ ಯಾರೂ ಕೇಳಿರಲಿಲ್ಲ.

ಮನೆಯಲ್ಲಿ ಹೇಳುವ ಮೊದಲು ಅವಳು ಇನ್ನೊಂದು ಕೆಲಸ ಮಾಡಿದಳು. ಒಂದು ಹಾಳೆಯಲ್ಲಿ ನಾಲ್ಕು ಸಾಲು ಬರೆದು ಡಿಪೊ ಸಾಹೇಬರ ಮೇಜಿನ ಮೇಲಿಟ್ಟಳು. ಈ ಕಂಬಗಳನ್ನು ನಮ್ಮ ಮನೆಯವರೂ ಕೊಳ್ಳುವ ಸಂಭವವಿದೆ, ಆದ್ದರಿಂದ ಇವುಗಳ ಅಳತೆಯಿಂದ ನನ್ನನ್ನು ಬಿಡಿಸಬೇಕು ಎಂದಿತ್ತು ಅದರಲ್ಲಿ. ಸಾಹೇಬರು ನಿವೃತ್ತಿಗೆ ಹತ್ತಿರವಾದ, ಬಿಸಿಲಿಗೆ ಬೇಸತ್ತ ಮನುಷ್ಯ. ಎರಡು ಸಲ ಓದಿ ಕನ್ನಡಕ ತೆಗೆದರು.

“ಇದನ್ನ ಕೊಡದೇ ಇದ್ದಿದ್ರೆ ಯಾರಿಗೂ ಗೊತ್ತಾಗ್ತಿರಲಿಲ್ಲ.”

“ಗೊತ್ತಾಗ್ತಿತ್ತು ಸರ್. ಬೀದಿಗೆಲ್ಲ ಗೊತ್ತು ನಾನು ಯಾರ ಸೊಸೆ ಅಂತ.”

ಅಳತೆಯಿಂದ ಬಿಡಿಸಿದರೆ ಗೇಟಿಗೇ ಹಾಕಬೇಕು, ಬೇರೆ ಜಾಗವಿಲ್ಲ ಎಂದರು. ಆಗಲಿ ಎಂದಳು. ಆದರೆ ನಂಬರಿನ ಸುತ್ತಿಗೆಯನ್ನು ಕೈಯಲ್ಲಿ ಒಮ್ಮೆ ತಿರುಗಿಸಿ ನೋಡಿದ ಮೇಲೆಯೇ ಕಬ್ಬಿಣದ ಪೆಟ್ಟಿಗೆಯಲ್ಲಿಟ್ಟು ಸಹಿ ಮಾಡಿದಳು. ಆರು ವರ್ಷ ಅದು ಅವಳ ಬಲಗೈಯ ತೂಕವಾಗಿತ್ತು. ಮರುದಿನದಿಂದ ತಗಡಿನ ಗೂಡಿನಲ್ಲಿ ಕೂತು, ಹೊರಗೆ ಹೋಗುವ ಲಾರಿಗಳ ರಹದಾರಿ ಚೀಟಿ ನೋಡಿ ಮರ ಎಣಿಸುವುದೇ ಅವಳ ಕೆಲಸವಾಯಿತು. ಅಳತೆ ಮೇಡಂ ಗೇಟಿಗೆ ಯಾಕೆ ಬಂದರು ಎಂದು ಲಾರಿಯವರೆಲ್ಲ ಕೇಳುತ್ತಿದ್ದರು.

ಮನೆಯಲ್ಲಿ ಇದು ಗೊತ್ತಾದದ್ದು ಅವಳಿಂದಲ್ಲ. ಮಂಚದ ಕಾಲಿನವರು ಡಿಪೊ ಮುಂದೆ ಹಾದುಹೋಗುವಾಗ ಕಂಡು ಮಾವನಿಗೆ ಹೇಳಿದ್ದರು, ಏನೋ ತಪ್ಪು ಮಾಡಿ ಸಿಕ್ಕಿಬಿದ್ದಿರಬೇಕು ಎಂದು ಸೇರಿಸಿ. ಸಂಜೆ ಅವಳು ಚಪ್ಪಲಿ ಬಿಡುವಾಗ ಮಾವ ಬಾಗಿಲಲ್ಲೇ ಇದ್ದರು. ಅತ್ತೆಯನ್ನು ಕರೆಯಲಿಲ್ಲ.

“ಗೇಟಿಗೆ ಯಾಕೆ ಹಾಕಿದ್ರು?”

“ನಾನೇ ಕೇಳಿಕೊಂಡೆ ಮಾವ.” ಅವಳು ನಿಯಮದ ವಿಷಯ, ಅರ್ಜಿಯ ವಿಷಯ, ತನ್ನ ಹಾಳೆಯ ವಿಷಯ, ಎಲ್ಲವನ್ನೂ ಅಲ್ಲೇ ನಿಂತು ಹೇಳಿದಳು. ಬೀದಿಯವರು ಸೇರಿ ಬರೆದು ಕೇಳಬೇಕು, ಮೊದಲ ಸಹಿ ನಿಮ್ಮದಾದರೆ ಉಳಿದವರು ಹಾಕುತ್ತಾರೆ ಎಂದಳು.

ಕೋಟಾ ಇದ್ದಷ್ಟು ದಿನ ಮಾವ ಯಾರ ಮುಂದೆಯೂ ಕೈ ಚಾಚಿದವರಲ್ಲ. ಅರ್ಜಿ ಎಂದರೆ ಅವರಿಗೆ ಬೇಡುವುದೇ. “ಕಾವು ಗಟ್ಟಿ ಇಲ್ಲದೆ ನಾನು ಸಹಿ ಹಾಕಲ್ಲ” ಎಂದಷ್ಟೇ ಹೇಳಿ ಒಳಗೆ ಹೋದರು. ಆದರೆ ಅಂದು ಊಟಕ್ಕೆ ಎಲ್ಲರ ಜೊತೆಗೇ ಕೂತರು. ಮೊಟ್ಟೆಯ ಪಾತ್ರೆ ಸೊಸೆಯ ಕೈಯಿಂದ ತೆಗೆದುಕೊಂಡರು. ಗಂಡನೂ ಅತ್ತೆಯೂ ಏನೂ ಕಾಣದವರಂತೆ ತಟ್ಟೆ ನೋಡಿಕೊಂಡು ಉಂಡರು.

ಎಂಟನೆಯ ವಾರ ಡ್ರಮ್ಮು ತೆರೆದರು. ಮೂವತ್ತು ತುಂಡಿನಲ್ಲಿ ಸೀಳಿದ್ದು ನಾಲ್ಕು. ಗಂಡ ಮೊದಲನೆಯದನ್ನು ಲೇತಿಗೇರಿಸಿದ. ಮಾವ ಅವನನ್ನು ಪಕ್ಕಕ್ಕೆ ಸರಿಸಿ ಉಳಿದದ್ದನ್ನು ತಾವೇ ಕಡೆದರು. ಸುತ್ತಿಗೆಯ ತಲೆಗೆ ತೊಡಿಸಿ, ಬೆಣೆ ಹೊಡೆದು, ಅಂಗಳದ ಕಲ್ಲಿನ ಮೇಲೆ ಬಾರಿಸತೊಡಗಿದರು. ಐವತ್ತು, ನೂರು, ನೂರೈವತ್ತು. ಅತ್ತೆ ಒಳಗಿನಿಂದ, ಕಲ್ಲು ಏನು ಪಾಪ ಮಾಡಿದೆ ಎಂದು ಕೂಗಿದರು. ಇನ್ನೂರಕ್ಕೆ ಮಾವನ ತೋಳು ಸೋತಿತು, ಕಾವು ಸೋಲಲಿಲ್ಲ. ಅವರು ಅದನ್ನು ಬೆಳಕಿಗೆ ಹಿಡಿದು ಉದ್ದಕ್ಕೂ ನೋಡಿ ಹೆಂಡತಿಯ ಕೈಗೆ ಕೊಟ್ಟರು. ಆಮೇಲೆ ಒಳಗೆ ಹೋಗಿ ಪೆನ್ನು ತಂದರು.

ಬೀದಿಯ ಒಂಬತ್ತು ಕಾರ್ಖಾನೆಯವರು ಸಾಹೇಬರ ಕೋಣೆಯಲ್ಲಿ ಒತ್ತಿಕೊಂಡು ನಿಂತ ದಿನ ಸೊಸೆ ಗೇಟಿನಲ್ಲಿದ್ದಳು. ಒಳಗೆ ನಡೆದದ್ದನ್ನು ಗಂಡ ಆಮೇಲೆ ಹೇಳಿದ. ಸಾಹೇಬರು ತಮ್ಮ ಕಷ್ಟವನ್ನೂ ಮುಚ್ಚಿಡಲಿಲ್ಲವಂತೆ. ಹಲಗೆ ಕಾರ್ಖಾನೆಯದು ಒಂದೇ ಸಹಿ, ಹೇಳಿದ ದಿನ ಮರ ಎತ್ತುತ್ತಾರೆ, ನಾನೂರು ಜನಕ್ಕೆ ಕೆಲಸ ಕೊಟ್ಟಿದ್ದಾರೆ. ನಿಮ್ಮಂಥ ಸಣ್ಣವರ ಹಿಂದೆ ಸರ್ಕಾರ ಎಷ್ಟು ಅಲೆಯಬೇಕು ಎಂದರಂತೆ. ಮಾವ ಸುತ್ತಿಗೆಯನ್ನು ಮೇಜಿನ ಮೇಲಿಟ್ಟು ಹೇಳಿದರಂತೆ, “ನಾನೂರು ಜನರ ಕೆಲಸ ಇರಲಿ ಸ್ವಾಮಿ. ನಮ್ಮ ಬೀದೀಲಿ ಅರವತ್ತು ಜನ ಇದೀವಿ. ಅವರು ಬೇಡ ಅಂದದ್ದನ್ನ ಕೇಳ್ತಿದೀವಿ. ಸುಡೋ ಬದಲು ನಮಗೆ ಕೊಡಿ, ಬೆಲೆ ಕೊಟ್ಟೇ ತಗೋತೀವಿ.”

ಸಾಹೇಬರು ಸುತ್ತಿಗೆಯನ್ನು ಎತ್ತಿ ತೂಕ ನೋಡಿ, ಅರ್ಜಿಯ ಮೇಲೆ ಏನೋ ಬರೆದರು. ಹನ್ನೆರಡು ದಿನದ ಮೇಲೆ ಇಪ್ಪತ್ತು ಲಾರಿಯ ಕಂಬದ ಅಟ್ಟಿ ನಲವತ್ತು ಸಣ್ಣ ಅಟ್ಟಿಗಳಾಗಿ ನಿಂತಿತ್ತು.

ಹರಾಜಿನಲ್ಲಿ ಎಲ್ಲವೂ ಅವರ ಪಾಲಿಗೆ ಬರಲಿಲ್ಲ. ಇಟ್ಟಿಗೆ ಗೂಡಿನ ಕಂಟ್ರಾಕ್ಟರ್ ಹಟಕ್ಕೆ ಬಿದ್ದು ಸವಾಲು ಏರಿಸಿದ. ಬೀದಿಯವರು ಹದಿನೆಂಟು ಅಟ್ಟಿ ಹಿಡಿದರು, ಮಾವನಿಗೆ ಮೂರು ಬೇಕಿತ್ತು, ಎರಡು ಸಿಕ್ಕಿತು. ಎಳೆ ಮರದ ಉದ್ದ ತುಂಡು ತಿರುಚಿಕೊಳ್ಳುವುದರಿಂದ ಅದರಲ್ಲಿ ಕೊಡಲಿ ಕಾವು ಹುಟ್ಟುವುದಿಲ್ಲ. ಉದ್ದ ಕಾವಿನ ಲೇತಿಗೆ ಬಟ್ಟೆ ಹೊದಿಸಿ ಮೂಲೆಗೆ ತಳ್ಳಬೇಕಾಯಿತು. ಸುತ್ತಿಗೆ, ಉಳಿ, ಕುಂಚಗಳ ಹಿಡಿಗೆ ಮಾತ್ರ ಕೆಲಸ ಭರ್ತಿ ಇತ್ತು. ಬ್ರಷ್ಷಿನ ಅಕ್ಕ ಮರ ಒಣಗಿಸುವುದನ್ನು ಕಲಿಯಲು ದಿನಾ ಮಧ್ಯಾಹ್ನ ಅತ್ತೆಯ ಹತ್ತಿರ ಬರತೊಡಗಿದಳು. ಮೊದಲ ದಿನ ಬರುವಾಗಲೇ ಸೊಸೆಗೆಂದು ಒಂದು ತಲೆ ಬಾಚುವ ಬ್ರಷ್ಷು ತಂದಿದ್ದಳು, ಯಾವ ವಿವರಣೆಯೂ ಇಲ್ಲದೆ.

ಮರ ಎತ್ತುವ ದಿನ ಮಾವ ಹೊಸದಾಗಿ ಒಗೆದ ಅಂಗಿ ಹಾಕಿಕೊಂಡು ಡಿಪೊಗೆ ಬಂದರು. ಹಿಂದೆ ಗಂಡ, ಬಾಡಿಗೆ ಲಾರಿ, ಹೊರೆ ಹೊರುವ ಇಬ್ಬರು. ಸೊಸೆ ಗೂಡಿನಿಂದ ನೋಡುತ್ತಿದ್ದಳು. ಕಂಬಗಳು ಒಂದೊಂದಾಗಿ ಏರಿದವು. ಕೊನೆಗೆ ಹಗ್ಗ ಬಿಗಿಯುವ ಹೊತ್ತಿಗೆ, ಪಕ್ಕದ ಅಟ್ಟಿಯಿಂದ ಜಾರಿ ಬಂದ ಮೂರು ಕಂಬಗಳನ್ನೂ ಹೊರೆಯವರು ಮೇಲೆಸೆದರು. ಮಾವ ನಿಲ್ಲಿ ಎಂದರು. ಲಾರಿ ಡ್ರೈವರ್ ನಕ್ಕ. ಗೇಟಿನಲ್ಲಿರುವುದು ನಿಮ್ಮ ಮನೆ ಸೊಸೆಯೇ ಅಲ್ಲವೇ, ಯಾರು ಎಣಿಸುತ್ತಾರೆ ಎಂದ.

“ಅವಳೇ ಎಣಿಸ್ತಾಳೆ” ಎಂದರು ಮಾವ. “ಇಳಿಸು.”

ಹಗ್ಗ ಬಿಚ್ಚಿ, ಮೂರನ್ನೂ ಇಳಿಸಿ, ಮತ್ತೆ ಕಟ್ಟಿ ಲಾರಿ ಗೇಟಿಗೆ ಬಂದು ನಿಂತಿತು. ಮಾವ ಕೆಳಗಿಳಿದು ಚೀಟಿಯನ್ನು ಕಿಂಡಿಯಲ್ಲಿ ತೂರಿಸಿದರು. ಅವಳು ಹೊರಗೆ ಬಂದಳು. ಲಾರಿಯ ಒಂದು ಪಕ್ಕ, ಹಿಂಬದಿ, ಇನ್ನೊಂದು ಪಕ್ಕ. ಸೀಮೆಸುಣ್ಣದಿಂದ ಹತ್ತಕ್ಕೊಂದು ಗೆರೆ ಎಳೆಯುತ್ತಾ ಎಣಿಸಿದಳು. ಹಿಂದೆ ನಿಂತ ಲಾರಿ ಹಾರ್ನ್ ಹೊಡೆಯಿತು. ಡ್ರೈವರ್ ತಲೆ ಹೊರಹಾಕಿ ಗೊಣಗಿದ. ಮಾವ ಕೈಕಟ್ಟಿಕೊಂಡು ಬಿಸಿಲಲ್ಲೇ ನಿಂತಿದ್ದರು, ಅವಳ ಸೀಮೆಸುಣ್ಣ ಹೋದಲ್ಲೆಲ್ಲ ಅವರ ಕಣ್ಣೂ ಹೋಗುತ್ತಿತ್ತು. ತುಟಿ ಅಲ್ಲಾಡುತ್ತಿತ್ತು, ಅವರೂ ಮನಸ್ಸಿನಲ್ಲೇ ಎಣಿಸುತ್ತಿದ್ದರು.

ನಡುವೆ ಒಮ್ಮೆ ಅವಳಿಗೆ ಲೆಕ್ಕ ತಪ್ಪಿತು. ನೂರ ನಲವತ್ತೋ ನೂರೈವತ್ತೋ ಎಂದು ತಡವರಿಸಿ ನಿಂತಳು. ಮಾವನಿಗೆ ಸರಿಯಾದ ಲೆಕ್ಕ ಗೊತ್ತಿತ್ತು. ಆದರೆ ಅದನ್ನು ಹೇಳಿಕೊಡಲಿಲ್ಲ.

“ಮೊದಲಿಂದ ಎಣಿಸಮ್ಮ” ಎಂದರು. “ನಮಗೇನೂ ಅವಸರ ಇಲ್ಲ.”

ಅವಳು ಗೆರೆಗಳನ್ನು ಸೆರಗಿನಿಂದ ಒರೆಸಿ, ಲಾರಿಯ ಮುಂಬದಿಗೆ ಹೋಗಿ, ಒಂದರಿಂದ ಶುರು ಮಾಡಿದಳು.